ರಾತ್ರಿಶಾಲೆಯಿಂದ ಹುಟ್ಟಿದ ಚಿತ್ರೋತ್ಸವ

ಸಿನೆಮಾ ಎಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಣಮುಂದೆ ನಿಲ್ಲುವುದು ಎರಡೂವರೆ ಗಂಟೆಯ ಕಥೆ, ಆರೇಳು ಹಾಡು, ಒಂದೆರಡು ಹೊಡೆದಾಟ, ನಡುವೆ ಇಂಟರ್‌ವಲ್ಲಿನ ಬಟಾಟೆವಡೆ. ಅದೂ ಸಿನೆಮಾವೇ, ಬೇಡವೆಂದವರಾರು? ಆದರೆ ಸಾಹಿತ್ಯದಲ್ಲಿ ಕಾದಂಬರಿಯ ಜೊತೆಗೆ ಸಣ್ಣಕಥೆಯೂ ಇರುವಂತೆ ಚಲಚ್ಚಿತ್ರಕಲೆಯಲ್ಲಿ ಕಿರುಚಿತ್ರವೆಂಬ ಪ್ರಕಾರವೊಂದುಂಟು. ಆಸ್ಕರ್ ಬಹುಮಾನವನ್ನು ಕೊಡುವ ಅಮೆರಿಕದ ಸಂಸ್ಥೆಯವರು 40 ನಿಮಿಷಗಳನ್ನು ಮೀರದ ಚಿತ್ರವನ್ನು ಕಿರುಚಿತ್ರವೆಂದು ಎಣಿಸುತ್ತಾರೆ. ಎರಡು ಮೂರು ನಿಮಿಷಗಳಲ್ಲಿ ಮುಗಿದುಹೋಗುವ ಕಿರುಚಿತ್ರಗಳೂ ಇವೆ. ಸಣ್ಣಕಥೆಯು ಕಾದಂಬರಿಯ ಸಂಕ್ಷೇಪವಲ್ಲವೆಂಬುದನ್ನು ಹತ್ತನೆಯ ತರಗತಿಯವರಿಗೆ ಹೇಳಬೇಕಾದುದಿಲ್ಲ. ಹಾಗೆಯೇ ಕಿರುಚಿತ್ರವು ದೊಡ್ಡ ಚಿತ್ರದ ತುಂಡಲ್ಲ. ಒಂದೇ ಸಂಗತಿಯನ್ನು ಹಿಡಿದು, ಅದರ ಬೆನ್ನು ಬಿಡದೆ ಹೋಗಿ, ಹೇಳಬೇಕಾದುದನ್ನು ಹೇಳಿ ಸುಮ್ಮನಾಗುವುದು ಅದರ ರೀತಿ.

ತರುಣರು ಮೊದಲು ಕೈಯಿಕ್ಕುವುದು ಈ ಪ್ರಕಾರಕ್ಕೇ. ಹಣ ಕಡಮೆ ಸಾಕು; ನಟರಾಗಲು ಅಕ್ಕಪಕ್ಕದ ಮನೆಯವರನ್ನೇ ಕರೆಯಬಹುದು. ಆದರೆ ಮಾಡಿದ ಚಿತ್ರವನ್ನು ತೋರಿಸುವುದೆಲ್ಲಿ? ಹತ್ತು ನಿಮಿಷದ ಚಿತ್ರಕ್ಕೆ ಯಾವ ಟಾಕೀಸಿನವರೂ ಟಿಕೇಟು ಮಾರಲಾರರು. ಈಗ ಯೂಟ್ಯೂಬು ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ನಿಜ. ಆದರೆ ಅಲ್ಲಿ ನೋಡುವವನು ಬಹುಮಟ್ಟಿಗೆ ಒಂಟಿ. ಬೇಸರವಾದರೆ ಅರ್ಧದಲ್ಲಿಯೇ ಬೆರಳಾಡಿಸಿ ಮುಂದಕ್ಕೆ ಹೋಗುತ್ತಾನೆ. ಚಿತ್ರ ಮಾಡಿದವನಿಗೆ ಆತನ ಮುಖವು ಕಾಣಿಸದು. ಜನರು ಎಲ್ಲಿ ನಕ್ಕರು, ಎಲ್ಲಿ ಉಸಿರು ಬಿಗಿಹಿಡಿದರು, ಎಲ್ಲಿ ಕುರ್ಚಿಯಲ್ಲಿ ಮಿಸುಕಾಡಿದರು ಎಂಬುದನ್ನು ಕಣ್ಣಾರೆ ಕಾಣದೆ ಚಿತ್ರ ಮಾಡುವ ವಿದ್ಯೆಯು ಕೈಗೆ ಹತ್ತುವುದು ಕಷ್ಟ. ಈ ಕೊರತೆಯನ್ನು ತುಂಬುವುದಕ್ಕೆಂದೇ ಊರವರು ಸೇರಿ ನಡೆಸುವ ಕಿರುಚಿತ್ರೋತ್ಸವಗಳು ಹುಟ್ಟಿಕೊಂಡವು. ಅವುಗಳಲ್ಲಿ ಹಳೆಯದೂ ಪ್ರಸಿದ್ಧವೂ ಆದ ಒಂದರ ವೃತ್ತಾಂತವನ್ನು ಮುಖ್ಯವಾಗಿ ಇಲ್ಲಿ ಹೇಳಬೇಕೆಂದಿದ್ದೇನೆ. ಅದರ ಹುಟ್ಟು ಮುಂಬಯಿಯ ಕನ್ನಡಿಗರಿಗೆ ಅಪರಿಚಿತವೆನಿಸಲಾರದು.

ಜರ್ಮನಿಯ ಪಶ್ಚಿಮಕ್ಕೆ ರೂರ್ ಎಂಬ ಸೀಮೆಯಿದೆ. ಕಲ್ಲಿದ್ದಲಿಗೂ ಉಕ್ಕಿಗೂ ಹೆಸರಾದ ನೆಲವದು. ಅಲ್ಲಿಯ ಓಬರ್‌ಹೌಸನ್ ಎಂಬ ಪಟ್ಟಣವು ಕಲಾಯಾತ್ರಿಕರು ಹುಡುಕಿಕೊಂಡು ಹೋಗುವ ಊರಲ್ಲ. 1847ರಲ್ಲಿ ಬಯಲಿನ ನಡುವೆ ಒಂದು ರೈಲು ನಿಲ್ದಾಣವಾಯಿತು. ಅದರ ಸುತ್ತ ಗಣಿಗಳು, ಕುಲುಮೆಗಳು, ಕಾರ್ಮಿಕರ ಸಾಲುಮನೆಗಳು ಬೆಳೆದು ಊರಾಯಿತು. ಎರಡನೆಯ ಮಹಾಯುದ್ಧದಲ್ಲಿ ಬಾಂಬುಗಳ ಏಟನ್ನೂ ತಿಂದಿತು. ಇಂಥ ಊರಿನಲ್ಲಿ ದುಡಿಯುವ ಜನರಿಗಾಗಿ ನಡೆಯುತ್ತಿದ್ದ ಒಂದು ಲೋಕಶಿಕ್ಷಣ ಶಾಲೆಯಿತ್ತು. ಹಗಲೆಲ್ಲ ಕೆಲಸ ಮಾಡಿದವರು ಸಂಜೆ ಬಂದು ಭಾಷೆ, ಚರಿತ್ರೆ, ವಿಜ್ಞಾನಗಳನ್ನು ಕಲಿಯುವ ಇಂಥ ಶಾಲೆಗಳು ಜರ್ಮನಿಯ ಊರೂರಿನಲ್ಲಿಯೂ ಇವೆ. ಉಡುಪಿ ಹೋಟೆಲುಗಳಲ್ಲಿ ದುಡಿದ ಹುಡುಗರು ರಾತ್ರಿ ಪುಸ್ತಕ ಹಿಡಿದು ಕುಳಿತ ನಮ್ಮ ಕನ್ನಡ ರಾತ್ರಿಶಾಲೆಗಳನ್ನು ಬಲ್ಲವರಿಗೆ ಅದರ ಚಿತ್ರವು ಸುಲಭವಾಗಿ ಮನಸ್ಸಿಗೆ ಬಂದೀತು.

ಆ ಶಾಲೆಯ ಮುಖ್ಯಸ್ಥರು ಹಿಲ್ಮಾರ್ ಹೋಫ್‌ಮನ್. 1954ರಲ್ಲಿ ಅವರಿಗೆ ಇಪ್ಪತ್ತೊಂಬತ್ತು ವರ್ಷ. ಹಿಟ್ಲರನ ಆಳ್ವಿಕೆಯಲ್ಲಿ ಸಿನೆಮಾವು ಸುಳ್ಳನ್ನು ಸತ್ಯವೆಂದು ನಂಬಿಸುವ ಯಂತ್ರವಾಗಿತ್ತು. ಯುದ್ಧದ ನಂತರದ ಜರ್ಮನ್ ಚಿತ್ರಗಳಲ್ಲಿ ಬಹುಪಾಲು ಬೆಟ್ಟದ ಹಳ್ಳಿ, ಹಸುರು ಹುಲ್ಲು, ಮುದ್ದಾದ ಪ್ರೇಮ, ಇಷ್ಟರಲ್ಲಿಯೇ ಕಣ್ಣುಮುಚ್ಚಿಕೊಂಡು ಮಲಗಿದ್ದವು. ಹೀಗಿರುವಾಗ ಲೋಕಶಿಕ್ಷಣದ ಶಾಲೆಯೊಂದು ಊರಿನ ಚಿತ್ರಸಂಘದ ನೆರವಿನಿಂದ ಕಿರುಚಿತ್ರಗಳನ್ನು ತರಿಸಿ, ಕಾರ್ಮಿಕರನ್ನೂ ಶಿಕ್ಷಕರನ್ನೂ ಕೂಡಿಸಿ ತೋರಿಸುವುದಕ್ಕೆ ಮುಂದಾಯಿತು. ವಿದ್ಯೆಯ ಕಡೆಗೆ ದಾರಿಗಳು ಎಂಬುದು ಆ ಮೊದಲ ವರ್ಷದ ಧ್ಯೇಯವಾಗಿತ್ತು. ಚಿತ್ರ ನೋಡುವುದನ್ನೂ ಓದುಬರಹದಂತೆ ಕಲಿಯಬೇಕು, ಕಲಿತವನನ್ನು ಮತ್ತೆ ಯಾರೂ ಸುಲಭವಾಗಿ ಮೋಸಗೊಳಿಸಲಾರರು ಎಂಬುದು ಅದರ ತಿರುಳೆಂದು ನಾನು ತಿಳಿದಿದ್ದೇನೆ. ಹೋಫ್‌ಮನ್ ಅವರು 1970ರ ವರೆಗೆ ಉತ್ಸವವನ್ನು ನಡೆಸಿದರು. ಮುಂದೆ 1993ರಿಂದ 2001ರ ವರೆಗೆ ಗಯಟೆ ಸಂಸ್ಥೆಯ ಅಧ್ಯಕ್ಷರಾಗಿದ್ದರು. ನಮ್ಮ ಕಾಲಾ ಘೋಡಾದ ಬಳಿಯ ಮ್ಯಾಕ್ಸ್‌ಮುಲ್ಲರ್ ಭವನವು ಆ ಸಂಸ್ಥೆಯ ಶಾಖೆಯೇ. 2018ರಲ್ಲಿ ಅವರು ತೀರಿಕೊಂಡರು.

1958ರಲ್ಲಿ ಉತ್ಸವವು ಹೊಸ ಧ್ಯೇಯವೊಂದನ್ನು ತಳೆಯಿತು: ನೆರೆಯವನ ಬಳಿಗೆ ದಾರಿ. ಯುರೋಪು ಎರಡು ಬಣಗಳಾಗಿ ಹಂಚಿಹೋಗಿದ್ದ ಶೀತಲಸಮರದ ಕಾಲವದು. ಪೋಲೆಂಡು, ಚೆಕೊಸ್ಲೊವಾಕಿಯ, ಹಂಗೆರಿ, ಯುಗೊಸ್ಲಾವಿಯಗಳ ಚಿತ್ರಗಳನ್ನು ಪಶ್ಚಿಮ ಜರ್ಮನಿಯಲ್ಲಿ ನೋಡಬೇಕೆಂದರೆ ಓಬರ್‌ಹೌಸನ್ನಿಗೇ ಹೋಗಬೇಕೆಂಬಂತಾಯಿತು. ಸರಕಾರಕ್ಕೆ ಇದು ಹಿಡಿಸಲಿಲ್ಲ. ಆದರೂ ಗಡಿಯಾಚೆಯವನು ಏನನ್ನು ಉಣ್ಣುತ್ತಾನೆ, ಯಾವುದಕ್ಕೆ ನಗುತ್ತಾನೆ, ಯಾವುದಕ್ಕೆ ಅಂಜುತ್ತಾನೆ ಎಂಬುದನ್ನು ಕಲ್ಲಿದ್ದಲಿನ ಊರಿನ ಜನರು ವರ್ಷಕ್ಕೊಮ್ಮೆ ಬೆಳ್ಳಿಪರದೆಯ ಮೇಲೆ ಕಂಡರು.

ಇಷ್ಟೇ ಆಗಿದ್ದರೆ ಅದೊಂದು ಒಳ್ಳೆಯ ಪ್ರದರ್ಶನವೆನಿಸಿಕೊಂಡು ಉಳಿಯುತ್ತಿತ್ತು. ಅದನ್ನು ಚರಿತ್ರೆಗೆ ಸೇರಿಸಿದವರು ತರುಣ ನಿರ್ದೇಶಕರು. 1961ರ ಉತ್ಸವದಲ್ಲಿ ಅಲೆಕ್ಸಾಂಡರ್ ಕ್ಲೂಗೆ, ಪೀಟರ್ ಶಾಮೊನಿ ಎಂಬಿಬ್ಬರು ಮಾಡಿದ ಹನ್ನೆರಡು ನಿಮಿಷದ ಚಿತ್ರವೊಂದು ಬಂದಿತು. ಅದರ ಹೆಸರನ್ನು ಕನ್ನಡದಲ್ಲಿ 'ಕಲ್ಲಿನಲ್ಲಿ ಕ್ರೌರ್ಯ' ಎನ್ನಬಹುದು. ನ್ಯೂರೆಂಬರ್ಗಿನಲ್ಲಿ ಹಿಟ್ಲರನ ಪಕ್ಷವು ಮಹಾಸಭೆಗಳಿಗಾಗಿ ಕಟ್ಟಿಸಿದ ಕಟ್ಟಡಗಳ ಮೆಟ್ಟಿಲು, ಕಂಬ, ಬರಿಗೋಡೆಗಳ ಮೇಲೆ ಕ್ಯಾಮೆರಾವು ಸುಳಿದಾಡುತ್ತದೆ. ತೆರೆಯ ಮೇಲೆ ಕಲ್ಲು. ಕಿವಿಗೆ ಅಂದಿನ ಭಾಷಣಗಳ ಆರ್ಭಟ, ಜನರ ಜಯಘೋಷ, ವಧಾಶಿಬಿರವನ್ನು ನಡೆಸಿದ ಅಧಿಕಾರಿಯೊಬ್ಬನ ಬರವಣಿಗೆಯ ತುಣುಕು. ನಡೆದುದನ್ನು ಮರೆತುಬಿಡೋಣವೆಂದು ದೇಶವೇ ಬಾಯಿ ಮುಚ್ಚಿಕೊಂಡಿದ್ದ ಕಾಲದಲ್ಲಿ ಆ ಮೌನವನ್ನು ಒಡೆಯುವುದಕ್ಕೆ ದೊಡ್ಡ ನಟರಾಗಲಿ ಭಾರಿ ಬಂಡವಾಳವಾಗಲಿ ಬೇಕಾಗಲಿಲ್ಲ. ಪಾಳುಬಿದ್ದ ಕಲ್ಲುಗಳೂ ಹಳೆಯ ಧ್ವನಿಗಳೂ ಸಾಕಾದವು. ಆ ಚಿತ್ರಕ್ಕೆ ಅಲ್ಲಿ ಬಹುಮಾನ ದೊರೆಯಿತು.

ಮರುವರ್ಷ, 1962ರ ಫೆಬ್ರುವರಿ 28ರಂದು, ಅದೇ ಉತ್ಸವದಲ್ಲಿ 26 ಮಂದಿ ಚಿತ್ರಕಾರರು ಒಂದು ಘೋಷಣಾಪತ್ರವನ್ನು ಪತ್ರಕರ್ತರ ಮುಂದೆ ಓದಿಸಿದರು. ಹಳೆಯ ಸಿನೆಮಾದ ಕಾಲ ಮುಗಿಯಿತು, ನಮ್ಮ ನಂಬಿಕೆಯಿರುವುದು ಹೊಸದರಲ್ಲಿ, ಎಂದು ಅವರು ಸಾರಿದರು. ಉದ್ಯಮದ ರೂಢಿಗಳಿಂದಲೂ ಹಣ ಹೂಡುವವರ ಹಿಡಿತದಿಂದಲೂ ಬಿಡುಗಡೆ ಬೇಕು, ನಷ್ಟದ ಭಾರವನ್ನು ಹೊರಲು ನಾವೂ ಸಿದ್ಧರು ಎಂದರು. ಶಿಕ್ಷಕನಾದ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದದ್ದು ಅದರಲ್ಲಿಯ ಇನ್ನೊಂದು ಮಾತು: ಕಿರುಚಿತ್ರವೇ ದೊಡ್ಡ ಚಿತ್ರಕ್ಕೆ ಪಾಠಶಾಲೆ, ಪ್ರಯೋಗಶಾಲೆ ಎಂಬರ್ಥದ ಮಾತು. ಅದು ಬರಿಯ ಅಲಂಕಾರವಾಗಿರಲಿಲ್ಲ. 1965ರಲ್ಲಿ ತರುಣರ ಮೊದಲ ಚಿತ್ರಗಳಿಗೆ ಹಣ ಒದಗಿಸುವ ಮಂಡಲಿಯೊಂದು ಆ ದೇಶದಲ್ಲಿ ಸ್ಥಾಪನೆಯಾಯಿತು. 1966ರಲ್ಲಿ ಕ್ಲೂಗೆಯವರ ಮೊದಲ ದೊಡ್ಡ ಚಿತ್ರವು ವೆನಿಸ್ಸಿನಲ್ಲಿ ಬಹುಮಾನ ಪಡೆಯಿತು. ಬರ್ಲಿನ್ನಿನಲ್ಲಿಯೂ ಮ್ಯೂನಿಕ್ಕಿನಲ್ಲಿಯೂ ಚಲಚ್ಚಿತ್ರ ವಿದ್ಯಾಲಯಗಳು ತೆರೆದವು. ಹೊಸ ಜರ್ಮನ್ ಸಿನೆಮಾ ಎಂದು ಜಗತ್ತು ಕರೆಯುವ ಧಾರೆಯ ಮೂಲವನ್ನು ಹುಡುಕುವವರು ಈ ಊರಿಗೇ ಬರುತ್ತಾರೆ. ಸಹಿ ಹಾಕಿದ ಆ 26 ಮಂದಿಯಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲವೆಂಬುದನ್ನು ಮಾತ್ರ ಮರೆಮಾಚಬೇಕಾಗಿಲ್ಲ. ಹಳೆಯದನ್ನೆಲ್ಲ ಅಳಿಸಲು ಹೊರಟವರ ಕಣ್ಣಿಗೂ ಕೆಲವು ಹಳೆಯ ಸಂಗತಿಗಳು ಬೀಳುವುದಿಲ್ಲ.

ಊರವರ ಉತ್ಸವವೆಂದ ಮಾತ್ರಕ್ಕೆ ಎಲ್ಲವೂ ಹೂವಿನ ಹಾಸಿಗೆಯಾಗಿರಲಿಲ್ಲ. 1968ರಲ್ಲಿ ಒಂದು ಚಿತ್ರವನ್ನು ಕಾರ್ಯಕ್ರಮದಿಂದ ತೆಗೆದಾಗ ಅನೇಕ ಜರ್ಮನ್ ನಿರ್ದೇಶಕರು ತಮ್ಮ ಚಿತ್ರಗಳನ್ನೇ ಹಿಂದಕ್ಕೆ ಪಡೆದುಕೊಂಡರು. ಇಂಥದೇ ಜಗಳವನ್ನು ನಮ್ಮ ಮುಂಬಯಿಯೂ ಕಂಡಿದೆ. ಪೆಡರ್ ರಸ್ತೆಯ ಫಿಲ್ಮ್ಸ್ ಡಿವಿಜನ್ ಸಂಸ್ಥೆಯು 1990ರಲ್ಲಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಅಂತರರಾಷ್ಟ್ರೀಯ ಉತ್ಸವವನ್ನು ಆರಂಭಿಸಿತು. ಎರಡು ವರ್ಷಕ್ಕೊಮ್ಮೆ ನಡೆಯುವ ಉತ್ಸವವದು. 2004ರ ಉತ್ಸವಕ್ಕೆ ಬರುವ ಭಾರತೀಯ ಚಿತ್ರಗಳಿಗೆ ಸೆನ್ಸಾರ್ ಪ್ರಮಾಣಪತ್ರ ಬೇಕೆಂಬ ನಿಯಮವು ಹೊರಟಾಗ ನಿರ್ದೇಶಕರು ಪ್ರತಿಭಟಿಸಿದರು. ನಿಯಮವು ಹಿಂದೆ ಸರಿಯಿತು. ಆದರೆ ಹಲವು ಚಿತ್ರಗಳು ಆಯ್ಕೆಯಾಗದೆ ಹೋದವು. ಆಗ ನಿರ್ದೇಶಕರೇ ಒಟ್ಟುಗೂಡಿ ಪ್ರಭಾದೇವಿಯಲ್ಲಿ 'ವಿಕಲ್ಪ' ಎಂಬ ಬೇರೆಯ ಉತ್ಸವವನ್ನು ಅದೇ ದಿನಗಳಲ್ಲಿ ನಡೆಸಿದರು. ಫಿಲ್ಮ್ಸ್ ಡಿವಿಜನ್ 2022ರಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಅಭಿವೃದ್ಧಿ ನಿಗಮದಲ್ಲಿ ಲೀನವಾಗಿದೆ. ಅದರ ಆವರಣದಲ್ಲಿರುವ ಭಾರತೀಯ ಸಿನೆಮಾ ವಸ್ತುಸಂಗ್ರಹಾಲಯವು ಶಾಲೆಯ ಮಕ್ಕಳು ನೋಡತಕ್ಕದ್ದು.

ಇಂಥ ಉತ್ಸವದ ದಿನಚರಿ ಸರಳವಾದುದು. ಬಂದ ಚಿತ್ರಗಳನ್ನು ಆಯ್ಕೆಸಮಿತಿಯವರು ನೋಡಿ ಆರಿಸುತ್ತಾರೆ. ಒಂದು ಹೊತ್ತಿನ ಪ್ರದರ್ಶನವೆಂದರೆ ಸುಮಾರು ಒಂದೂವರೆ ಗಂಟೆ. ಅದರಲ್ಲಿ ಆರೇಳು ಚಿತ್ರಗಳನ್ನು ಹೂಮಾಲೆಯಂತೆ ಪೋಣಿಸಬೇಕು. ಈ ಪೋಣಿಸುವುದರಲ್ಲಿಯೇ ಅರ್ಧ ಜಾಣ್ಮೆಯಿದೆ. ಎರಡು ಶೋಕದ ಚಿತ್ರಗಳು ಒಂದರ ಬೆನ್ನಿಗೊಂದು ಬಂದರೆ ಎರಡೂ ಕೆಡುತ್ತವೆ. ಪ್ರದರ್ಶನ ಮುಗಿದು ದೀಪ ಹತ್ತಿದ ಮೇಲೆ ಚಿತ್ರ ಮಾಡಿದವರು ಮುಂದೆ ಬಂದು ನಿಲ್ಲುತ್ತಾರೆ. ಪ್ರೇಕ್ಷಕರು ಕೇಳುತ್ತಾರೆ, ಅವರು ಉತ್ತರಿಸುತ್ತಾರೆ, ಕೆಲವೊಮ್ಮೆ ಉತ್ತರವಿಲ್ಲದೆ ತಲೆ ಕೆರೆದುಕೊಳ್ಳುತ್ತಾರೆ. ಓಬರ್‌ಹೌಸನ್ನಿನಲ್ಲಿ 1978ರಿಂದ ಮಕ್ಕಳಿಗಾಗಿ ಬೇರೆ ವಿಭಾಗವಿದೆ. ಅಲ್ಲಿ ಬಹುಮಾನವನ್ನು ತೀರ್ಮಾನಿಸುವ ತೀರ್ಪುಗಾರರ ಮಂಡಲಿಯೂ ಮಕ್ಕಳದ್ದೇ.

ರಾತ್ರಿಶಾಲೆಯ ಮಾತಾಯಿತು; ಕಾಫಿ ಹೋಟೆಲಿನಿಂದ ಹುಟ್ಟಿದ ಉತ್ಸವವೂ ಒಂದಿದೆಯೆಂದರೆ ನಮ್ಮವರಿಗೆ ಇನ್ನಷ್ಟು ಸಂತೋಷವಾದೀತು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಟ್ರಾಪಿಕಾನಾ ಎಂಬ ಕಾಫಿಯಂಗಡಿಯಲ್ಲಿ 1993ರಲ್ಲಿ ಜಾನ್ ಪೋಲ್ಸನ್ ಎಂಬ ನಟರು ತಮ್ಮ ಕಿರುಚಿತ್ರವನ್ನು ಗೆಳೆಯರಿಗೆ ತೋರಿಸಿದರು. ಇನ್ನೂರರಷ್ಟು ಜನ ಸೇರಿದರು. ಅದೇ ಬೆಳೆದು 'ಟ್ರಾಪ್‌ಫೆಸ್ಟ್' ಆಯಿತು. ಅದರ ನಿಯಮಗಳು ಮೋಜಿನವು. ಚಿತ್ರವು ಏಳು ನಿಮಿಷವನ್ನು ಮೀರಬಾರದು, ಬೇರೆಲ್ಲಿಯೂ ತೋರಿಸಿರಬಾರದು, ಆ ವರ್ಷಕ್ಕೆಂದು ಗೊತ್ತುಮಾಡಿದ ಒಂದು ವಸ್ತುವು ಅದರಲ್ಲಿ ಕಾಣಿಸಿಕೊಳ್ಳಲೇಬೇಕು. ಒಂದು ವರ್ಷ ಚಮಚ, ಒಂದು ವರ್ಷ ಕೊಡೆ, ಇನ್ನೊಂದು ವರ್ಷ ಸೀನು! ಹಳೆಯ ಸರಕನ್ನು ಧೂಳು ಕೊಡವಿ ತರದಂತೆ ತಡೆಯುವ ಉಪಾಯವಿದು. ಉದ್ಯಾನದ ಹುಲ್ಲಿನ ಮೇಲೆ ಸಾವಿರಾರು ಜನ ಪುಕ್ಕಟೆಯಾಗಿ ಕುಳಿತು ನೋಡುವಷ್ಟು ಅದು ಬೆಳೆಯಿತು. ಬೆಳೆದಂತೆ ಪ್ರಾಯೋಜಕರ ಹಣದ ಮೇಲೆ ಭಾರ ಬಿದ್ದಿತು. 2015ರ ನವೆಂಬರಿನಲ್ಲಿ ಹಣವಿಲ್ಲದೆ ಉತ್ಸವವನ್ನು ರದ್ದುಮಾಡಬೇಕಾಯಿತು. ವಿಮಾ ಕಂಪೆನಿಯೊಂದರ ನೆರವಿನಿಂದ 2016ರಲ್ಲಿ ಮತ್ತೆ ನಡೆಯಿತು. 2019ರ ನಂತರ ಮತ್ತೆ ಹಲವು ವರ್ಷ ನಿಂತಿತು. ಕೊನೆಯಲ್ಲಿ ಒಂದು ನಗೆಚಟಾಕಿಯಿದ್ದರೆ ಚಿತ್ರವು ಗೆಲ್ಲುತ್ತದೆಂಬ ಅಭ್ಯಾಸ ಬೆಳೆಯಿತೆಂದು ವಿಮರ್ಶಕರು ಆಕ್ಷೇಪಿಸಿದ್ದೂ ಉಂಟು. ಗುಂಪು ಬಲು ದೊಡ್ಡದಾದಾಗ ಎಲ್ಲರನ್ನೂ ಒಟ್ಟಿಗೆ ನಗಿಸುವುದೇ ಸುಲಭದ ದಾರಿಯಾಗುತ್ತದೇನೋ. ಇನ್ನೂರು ಜನರ ಕಾಫಿಯಂಗಡಿಯಲ್ಲಿ ಮೌನಕ್ಕೂ ಎಡೆಯಿರುತ್ತದೆ.

ಕನ್ನಡದ ಮಾತಿಗೆ ಬರೋಣ. 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ, ಚಲಚ್ಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗಾಗಿಯೇ ಇರುವ ವಿಭಾಗದ ಮೊದಲ ಬಹುಮಾನವು ಒಂದು ಕನ್ನಡ ಕಿರುಚಿತ್ರಕ್ಕೆ ಬಂದಿತು. ಪುಣೆಯ ಚಲಚ್ಚಿತ್ರ ಸಂಸ್ಥೆಯಲ್ಲಿ ಕಲಿಯುತ್ತಿದ್ದ ಮೈಸೂರಿನ ಚಿದಾನಂದ ಎಸ್. ನಾಯಕ್ ಅದರ ನಿರ್ದೇಶಕರು. ವೈದ್ಯಕೀಯ ಓದಿ ಈ ಕಡೆಗೆ ತಿರುಗಿದವರು. ಚಿತ್ರದ ಅವಧಿ ಹದಿನಾರು ನಿಮಿಷ. ಅದರ ಕಥೆ ಯಾವುದೆನ್ನುವಿರಿ? ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದಾಗ ಬೆಳಗೇ ಆಗದೆ ಹೋದ ಕಥೆ. ಕೋಳಿ ಕೂಗಿದರೇ ಸೂರ್ಯ ಹುಟ್ಟುವನೆಂದು ನಂಬಿದ್ದ ಅಜ್ಜಿಯ ಕಥೆಯನ್ನು ಬಾಲ್ಯದಲ್ಲಿ ಕೇಳದ ಕನ್ನಡಿಗರುಂಟೆ? ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ತರಗತಿಗಳು ಒಂದೊಂದಾಗಿ ಮುಚ್ಚುತ್ತಿವೆ. ಉಳಿದವುಗಳಲ್ಲಿ ಓದುವ ಮಕ್ಕಳು ಬೀದಿಯಲ್ಲಿ ಹಿಂದಿ ಮರಾಠಿಗಳನ್ನಾಡಿ, ಕನ್ನಡವು ಮನೆಯೊಳಗಿನ ಮಾತು, ನಾಲ್ಕು ಜನರ ಮುಂದೆ ತೋರಿಸುವಂಥದಲ್ಲ ಎಂದು ತಿಳಿದಂತಿದೆ. ಅಂಥ ಮಕ್ಕಳಿಗೆ ಈ ಹುಂಜದ ಸಂಗತಿಯನ್ನು ಹೇಳಲೇಬೇಕೆನಿಸಿತು.

ಕ್ಯಾಮೆರಾ ಈಗ ಮನೆಮನೆಯ ಮೊಬೈಲಿನಲ್ಲಿದೆ. ಇಲ್ಲದಿರುವುದು ಒಟ್ಟಾಗಿ ಕುಳಿತು ನೋಡುವ ನೆರೆಹೊರೆ. ಶಾಲೆಯ ಸಭಾಗೃಹ, ಕಿಟಕಿಗಳಿಗೆ ಕಪ್ಪುಬಟ್ಟೆ, ಒಂದು ಪ್ರೊಜೆಕ್ಟರು, ಬಿಳಿಯ ಪರದೆ. ಒಂದು ಸಂಜೆಗೆ ಇಷ್ಟು ಸಾಕು. ಬೆಳಗಿನ ಜಾವ ಹೋಟೆಲಿನಲ್ಲಿ ಇಡ್ಲಿಹಿಟ್ಟು ತಿರುವುವ ಗ್ರೈಂಡರು, ಊರಿನಿಂದ ಬಂದ ಅಜ್ಜಿಯೂ ಲಿಫ್ಟೂ, ಕನ್ನಡ ಪತ್ರಿಕೆಯ ತಲೆಬರಹವನ್ನು ಅಕ್ಷರ ಕೂಡಿಸಿ ಓದುವ ತಮ್ಮ: ಐದು ನಿಮಿಷದ ಚಿತ್ರಕ್ಕೆ ವಸ್ತುಗಳು ಇವೆ. ಸಿಡ್ನಿಯವರಂತೆ ವರ್ಷಕ್ಕೊಂದು ವಸ್ತುವನ್ನು ಗೊತ್ತುಮಾಡುವುದಾದರೆ ಮೊದಲ ವರ್ಷಕ್ಕೆ ಊಟದ ಡಬ್ಬಿಯನ್ನು ಸೂಚಿಸುತ್ತೇನೆ. ಬಹುಮಾನವನ್ನು ತೀರ್ಮಾನಿಸುವ ಕೆಲಸವನ್ನು ಶಿಕ್ಷಕರಾದ ನಾವು ವಹಿಸಿಕೊಳ್ಳುವುದು ಬೇಡ. ಆರನೆಯ, ಏಳನೆಯ ತರಗತಿಗಳಿಂದ ಐದು ಮಕ್ಕಳನ್ನು ಆರಿಸಿ ಮುಂದಿನ ಸಾಲಿನಲ್ಲಿ ಕೂರಿಸೋಣ, ಇಂಥ ಚಿತ್ರಕ್ಕೆ ಏಕೆ ಕೊಟ್ಟೆವೆಂಬುದನ್ನು ಅವರೇ ಎದ್ದು ನಿಂತು ಕನ್ನಡದಲ್ಲಿ ಹೇಳಲಿ.