ಎಳೆಯೋ ಗಾಲಿ ಎರಡಾ, ನಾಕಾ?

ದೀಪಾವಳಿಗೆ ಊರಿಗೆ ಹೋದಾಗ ಕಾಕಾನ ಮಗ ಕಟ್ಟೆ ಮೇಲೆ ಮೊಬೈಲ್ ಹಿಡ್ಕೊಂಡು ಕೂತಿದ್ದ. ಪರದೆ ಮೇಲೆ ಎರಡು ಥಾರ್. ಬಣ್ಣ, ಆಕಾರ ಎಲ್ಲಾ ಒಂದೇ. ಆದರೆ ಒಂದು ರಿಯರ್ ವ್ಹೀಲ್ ಡ್ರೈವ್, ಇನ್ನೊಂದು ಫೋರ್ ವ್ಹೀಲ್ ಡ್ರೈವ್. ಬೆಲೆಯಲ್ಲಿ ಲಕ್ಷದ ಮೇಲೆ ವ್ಯತ್ಯಾಸ.

"ಅಣ್ಣಾ, ಯಾವುದು ತಗೊಳ್ಳಲಿ? ಓಡಸಾಕ ಮಜಾನೂ ಇರಬೇಕು, ಮಳ್ಯಾಗ ಭಯಾನೂ ಇರಬಾರದು."

ಅವನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ತಿಂಗಳಿಗೊಮ್ಮೆ ಊರಿಗೆ ಬರ್ತಾನೆ. ಮನೆ ಸಾಲದ ಕಂತು ಆಗಲೇ ಶುರುವಾಗಿದೆ. ನಾನು ಉತ್ತರ ಹೇಳೋ ಮೊದಲೇ ಒಳಗಿಂದ ಕಾಕಾ ಕೂಗಿದ: "ನಾಳೆ ಇಬ್ರೂ ನನ್ನ ಕೂಡ ಹೊಲಕ್ಕ ಬರ್ರಿ. ಆಮ್ಯಾಲ ಮಾತಾಡೂಣು."

ಎರೆ ಹೊಲದ ಪಾಠ

ನಮ್ಮ ಕಡೆ ಹಂಗಾಮು ಶುರುವಾದರೆ ಮಹಾಲಿಂಗಪುರ, ರಬಕವಿ, ಮುಧೋಳದ ರಸ್ತೆಗಳ ತುಂಬಾ ಕಬ್ಬಿನ ಗಾಡಿಗಳೇ. ಸಮೀರವಾಡಿಯ ಗೋದಾವರಿ ಕಾರ್ಖಾನೆ ಕಡೆಗೆ ಟ್ರ್ಯಾಕ್ಟರ್‌ಗಳ ಸಾಲು. ಕಾಕಾನದು ಹಳೇ ಟೂ ವ್ಹೀಲ್ ಟ್ರ್ಯಾಕ್ಟರ್. ಅಂದರೆ ಪಕ್ಕಾ ರಿಯರ್ ವ್ಹೀಲ್ ಡ್ರೈವ್: ಹಿಂದಿನ ದೊಡ್ಡ ಗಾಲಿ ದೂಡ್ತದೆ, ಮುಂದಿನ ಸಣ್ಣ ಗಾಲಿ ದಾರಿ ತೋರಿಸ್ತದೆ.

ಎರಡು ದಿನದ ಹಿಂದೆ ಮಳೆಯಾಗಿತ್ತು. ಎರೆ ಮಣ್ಣು ಒದ್ದೆಯಾದರೆ ಟಯರಿನ ಸಂದಿನಲ್ಲೆಲ್ಲಾ ಮೆತ್ತಿಕೊಳ್ತದೆ. ಸಂದು ತುಂಬಿದ ಟಯರ್ ಬೋಳು ಟಯರ್ ಇದ್ದ ಹಾಗೆ. ಕಬ್ಬು ತುಂಬಿದ ಟ್ರೇಲರ್ ಎಳೆಯೋಕೆ ಹೋದಾಗ ಹಿಂದಿನ ಗಾಲಿ ನಿಂತಲ್ಲೇ ತಿರುಗಿತು. ಕಾಕಾ ಡಿಫರೆನ್ಷಿಯಲ್ ಲಾಕ್ ಒತ್ತಿದ. ಜಾರುವ ಗಾಲಿಗೇ ಶಕ್ತಿ ಸೋರಿ ಹೋಗದಂತೆ ಎರಡೂ ಹಿಂದಿನ ಗಾಲಿಯನ್ನು ಒಟ್ಟಿಗೆ ತಿರುಗಿಸೋದು ಅದರ ಕೆಲಸ. ಗಾಲಿಗೆ ಹಿಡಿತ ಸಿಕ್ಕಿತು. ಆದರೆ ಎಳೆತದ ಭಾರಕ್ಕೆ ಟ್ರ್ಯಾಕ್ಟರಿನ ಮೂತಿ ಮೇಲಕ್ಕೆದ್ದಿತು. ಕಾಕಾ ತಕ್ಷಣ ಕ್ಲಚ್ ಒತ್ತಿ ಇಳಿಸಿದ. "ಮುಂದಿನ ಗಾಲಿ ನೆಲಾ ಬಿಟ್ಟರ ಸ್ಟೇರಿಂಗ್ ಇದ್ದೂ ಇಲ್ಲದಂಗ. ಇಲ್ಲಿ ಹಟ ಮಾಡಬಾರದು" ಅಂದ.

ಕೊನೆಗೆ ಪಕ್ಕದ ಹೊಲದವರ ಫೋರ್ ವ್ಹೀಲ್ ಟ್ರ್ಯಾಕ್ಟರ್ ಬಂತು. ಅದರ ಮುಂದಿನ ಗಾಲಿಗೂ ದಪ್ಪ ಪಟ್ಟಿಯ ಟಯರ್, ಅದಕ್ಕೂ ಎಂಜಿನ್ನಿನ ಶಕ್ತಿ. ಮುಂದೆ ಭಾರವೂ ಹೆಚ್ಚು. ಅದೇ ಟ್ರೇಲರನ್ನು ನಿಧಾನಕ್ಕೆ, ಗದ್ದಲ ಮಾಡದೆ ಎಳೆದು ದಾರಿಗೆ ತಂದಿತು.

ತಮ್ಮ ನನ್ನ ಮುಖ ನೋಡಿದ. "ಮುಗೀತಲ್ಲಾ? ಫೋರ್ ವ್ಹೀಲೇ ಸರಿ."

"ತಡಿಯೋ, ಇನ್ನೂ ಟಾರ್ ರೋಡ್ ಬರೂದೈತಿ" ಅಂದ ಕಾಕಾ.

ಒಂದು ಟಯರಿಗೆ ಒಂದೇ ರೊಟ್ಟಿ

ನಾನು ಅವನಿಗೆ ಹೇಳಿದ್ದು ಇಷ್ಟು. ಒಂದೊಂದು ಟಯರಿನ ಹತ್ತಿರ ಒಂದೊಂದು ರೊಟ್ಟಿಯಷ್ಟು ಹಿಡಿತ ಇದೆ ಅಂದ್ಕೋ. ಮುಂದೆ ಓಡೋಕೆ, ತಿರುಗೋಕೆ, ನಿಲ್ಲೋಕೆ, ಎಲ್ಲಕ್ಕೂ ಅದರಲ್ಲೇ ಮುರೀಬೇಕು. ರಿಯರ್ ವ್ಹೀಲ್ ಡ್ರೈವ್‌ನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮುಂದಿನ ಗಾಲಿಗಳ ಪೂರ್ತಿ ರೊಟ್ಟಿ ತಿರುಗೋಕೆ ಉಳೀತದೆ. ಅದಕ್ಕೇ ಸ್ಟೇರಿಂಗ್ ಅಷ್ಟು ಹಗುರ, ಅಷ್ಟು ಚೊಕ್ಕ. ತಿರುವಿನಲ್ಲಿ ಹಿಂದಿನಿಂದ ಯಾರೋ ಮೆಲ್ಲಗೆ ದೂಡಿದ ಹಾಗೆ ಅನಿಸ್ತದೆ. ಮಜಾ ಅನ್ನೋದು ಇದಕ್ಕೇ. ಅತಿಯಾಗಿ ಒತ್ತಿದರೆ ಮಾತ್ರ ಹಿಂದಿನ ಗಾಲಿಗಳ ರೊಟ್ಟಿ ಖಾಲಿ. ಗಾಡಿಯ ಹಿಂಭಾಗ ಹೊರಗೆ ಜಾರ್ತದೆ.

ಆಲ್ ವ್ಹೀಲ್ ಡ್ರೈವ್‌ನಲ್ಲಿ ದೂಡುವ ಕೆಲಸವನ್ನು ನಾಲ್ಕೂ ಗಾಲಿ ಹಂಚಿಕೊಳ್ತವೆ. ಕೆಸರು, ಮರಳು, ಮಳೆಯಲ್ಲಿ ಗಾಡಿ ಗಟ್ಟಿಯಾಗಿ ಹೊರಡ್ತದೆ. ಆದರೆ ತೂಕ ಜಾಸ್ತಿ, ಇಂಧನ ಜಾಸ್ತಿ, ಸ್ವಲ್ಪ ಜಡ.

ಇವೆರಡರ ಜಗಳ ಹಳೇದು. 1980ರಲ್ಲಿ ಆಡಿ ಕಂಪನಿ ಕ್ವಾಟ್ರೊ ತಂದಾಗಿನಿಂದ ರ‍್ಯಾಲಿ ಲೋಕ ನಾಲ್ಕು ಗಾಲಿಯ ಕಡೆ ವಾಲಿತು. ಆದರೂ 1983ರಲ್ಲಿ ವಿಶ್ವ ರ‍್ಯಾಲಿಯ ತಯಾರಕರ ಪ್ರಶಸ್ತಿ ಗೆದ್ದದ್ದು ಲಾನ್ಸಿಯಾ 037, ಹಿಂದಿನ ಎರಡೇ ಗಾಲಿ ದೂಡುವ ಹಗುರ ಕಾರು. ಅಂಥ ಕಾರು ಆ ಪ್ರಶಸ್ತಿ ಗೆದ್ದದ್ದು ಅದೇ ಕೊನೆ. ಮಣ್ಣು, ಹಿಮದ ಮೇಲೆ ನಾಲ್ಕು ಗಾಲಿಯನ್ನು ಮೀರಿಸೋದು ಕಷ್ಟ. ಒಣ ಟಾರಿನ ಮೇಲೆ ಮಾತ್ರ ಹಗುರ ಗಾಡಿಗೆ ಅದರದೇ ಲೆಕ್ಕ.

ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿರಲ್ಲ. ಥಾರ್, ಜಿಮ್ನಿಯಂಥ ಗಾಡಿಗಳ ಫೋರ್ ವ್ಹೀಲ್ ಡ್ರೈವ್ ಯಾವಾಗಲೂ ಕೆಲಸ ಮಾಡ್ತಾ ಇರಲ್ಲ. ಲಿವರ್ ಹಾಕಿದಾಗ ಮಾತ್ರ. ಉಳಿದಂತೆ ಅವೂ ರಿಯರ್ ವ್ಹೀಲ್ ಡ್ರೈವೇ! ಒಣ ಟಾರಿನ ಮೇಲೆ ಲಿವರ್ ಹಾಕಿ ಓಡಿಸಲೂಬಾರದು. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದರೆ ಗೇರುಗಳು ಬಿಗಿದುಕೊಳ್ತವೆ, ಟಯರ್ ಸವೀತದೆ. 2025ರಲ್ಲಿ ಬಂದ ಹ್ಯಾರಿಯರ್ ಇವಿಯಂಥ ಗಾಡಿಗಳದು ಬೇರೆ ಕತೆ. ಅದರ ಆಲ್ ವ್ಹೀಲ್ ಡ್ರೈವ್ ಮಾದರಿಯಲ್ಲಿ ಮುಂದೊಂದು, ಹಿಂದೊಂದು ಮೋಟರ್ ಇರೋದರಿಂದ ಈ ಬಿಗಿತದ ತೊಂದರೆ ಇಲ್ಲ.

ಹಾಗಾಗಿ ಪುಣೆಯ ಟ್ರಾಫಿಕ್ಕಿನಲ್ಲಿ, ಹೆದ್ದಾರಿಯಲ್ಲಿ ನಮ್ಮ ತಮ್ಮ ಎರಡರಲ್ಲಿ ಯಾವ ಥಾರ್ ಓಡಿಸಿದರೂ ದೂಡೋದು ಹಿಂದಿನ ಎರಡೇ ಗಾಲಿ.

ಎಳ್ಯೂದು ಬ್ಯಾರೆ, ನಿಲ್ಲಸೂದು ಬ್ಯಾರೆ

ಕಾರ್ಖಾನೆ ದಾರಿಯಲ್ಲಿ ಸಾಲು ನಿಂತಾಗ ತಮ್ಮ ಮೆಲ್ಲಗೆ ಬಾಯಿಬಿಟ್ಟ. ಹಿಂದಿನ ವರ್ಷ ಇದೇ ಹಂಗಾಮಿನಲ್ಲಿ, ರಾತ್ರಿ, ಗೆಳೆಯನ ಫೋರ್ ವ್ಹೀಲ್ ಡ್ರೈವ್ ಗಾಡಿ ಓಡಿಸ್ತಿದ್ದನಂತೆ. ಸಣ್ಣ ಮಳೆ. ಹೊಲದಿಂದ ಬಂದ ಟ್ರ್ಯಾಕ್ಟರ್‌ಗಳು ಟಾರಿನ ಮೇಲೆ ಎರೆ ಮಣ್ಣು ಬಿಟ್ಟು ಹೋಗಿದ್ದವು. ಲಿವರ್ ಹಾಕಿದೀನಿ, ಏನೂ ಆಗಲ್ಲ ಅನ್ನೋ ಧೈರ್ಯದಲ್ಲಿ ಜೋರಾಗಿ ಬಂದ. ಎದುರಿಗೆ ಹಿಂದೀಪ ಇಲ್ಲದ ಟ್ರೇಲರ್ ನಿಂತಿತ್ತು. ಬ್ರೇಕ್ ಒತ್ತಿದ. ಗಾಡಿ ಜಾರಿಕೊಂಡೇ ಹೋಯ್ತು. ನಿಂತಾಗ ಬಾನೆಟ್ಟಿಗೂ ಹೊರಗೆ ಚಾಚಿದ ಕಬ್ಬಿಗೂ ನಡುವೆ ಒಂದು ಮೊಳ ಜಾಗ.

"ಮನ್ಯಾಗ ಹೇಳಿರಲಿಲ್ಲ" ಅಂದ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಬೈಯಲಿಲ್ಲ. "ಎಳ್ಯೂದು ಬ್ಯಾರೆ, ನಿಲ್ಲಸೂದು ಬ್ಯಾರೆ ತಮ್ಮಾ. ಬ್ರೇಕ್ ಎಲ್ಲಾ ಕಾರಿಗೂ ನಾಕೂ ಗಾಲಿಗೆ ಇರ್ತಾವು."

ಆಲ್ ವ್ಹೀಲ್ ಡ್ರೈವ್ ಹೊರಡೋಕೆ ಸಹಾಯ ಮಾಡ್ತದೆ, ನಿಲ್ಲೋಕೆ ಅಲ್ಲ. ನಿಲ್ಲಿಸೋದು ಟಯರ್, ರಸ್ತೆ ಮತ್ತು ನಿಮ್ಮ ವೇಗ. ಇನ್ನೂ ಒಂದು ಅಪಾಯ ಇದೆ. ರಿಯರ್ ವ್ಹೀಲ್ ಗಾಡಿ ಹೊರಡುವಾಗಲೇ ಒಂಚೂರು ಜಾರಿ "ರಸ್ತೆ ಸರಿಯಿಲ್ಲ, ಹುಷಾರು" ಅಂತ ಹೇಳಿಬಿಡ್ತದೆ. ನಾಲ್ಕು ಗಾಲಿಯ ಗಾಡಿ ಆ ಮಾತನ್ನು ಮುಚ್ಚಿಡ್ತದೆ. ಗೊತ್ತಾಗೋದು ಬ್ರೇಕ್ ಒತ್ತಿದಾಗಲೇ.

ಹಾಗಾದರೆ ಯಾವುದು?

ವಾರಕ್ಕೆ ಎರಡು ಸಲ ಹಸಿ ಎರೆ ಹೊಲಕ್ಕೆ ಇಳಿಯೋರು, ಮಲೆನಾಡಿನ ಎಸ್ಟೇಟ್ ದಾರಿ ಹತ್ತೋರು ಫೋರ್ ವ್ಹೀಲ್ ಡ್ರೈವನ್ನೇ ತಗೊಳ್ಳಿ. ಅಲ್ಲಿ ಅದು ಶೋಕಿ ಅಲ್ಲ, ಉಪಯೋಗದ ವಸ್ತು. ವರ್ಷದಲ್ಲಿ ಮುಕ್ಕಾಲು ಪಾಲು ಟಾರಿನ ಮೇಲೇ ಓಡ್ತೀರಾದರೆ ರಿಯರ್ ವ್ಹೀಲ್ ಡ್ರೈವ್ ಸಾಕು. ಉಳಿದ ದುಡ್ಡಿನಲ್ಲಿ ಮಳೆಗಾಲದ ಮೊದಲು ಒಳ್ಳೆ ಟಯರ್ ಹಾಕಿಸಿ. ಟೆಸ್ಟ್ ಡ್ರೈವ್ ಕೇಳುವಾಗ ನೇರ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರಬೇಡಿ. ತಿರುವಿರೋ ದಾರಿ ಕೇಳಿ. ಸ್ಟೇರಿಂಗ್ ಹೇಗಿದೆ ಅಂತ ಕೈಗೇ ಗೊತ್ತಾಗ್ತದೆ.

ಮಜಾ ಬೇಕು ಅಂದರೆ ನಮ್ಮ ಕಡೆ ಜಾತ್ರೆಗಳಲ್ಲಿ ನಡೆಯೋ ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ ನೋಡಬೇಕು. ಟ್ರೇಲರ್ ಸಮೇತ ಹಿಂದಕ್ಕೆ ಹೊಡೆಯೋದು. ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕಂದ್ರೆ ಸ್ಟೇರಿಂಗ್ ಮೊದಲು ಬಲಕ್ಕೆ! ಅಲ್ಲಿ ಎಷ್ಟು ಗಾಲಿ ದೂಡ್ತವೆ ಅಂತ ಯಾರೂ ಕೇಳಲ್ಲ, ಚಾಲಕನ ಕೈ ನೋಡ್ತಾರೆ.

ತಮ್ಮ ಕೊನೆಗೆ ರಿಯರ್ ವ್ಹೀಲ್ ಥಾರನ್ನೇ ಬುಕ್ ಮಾಡಿದ. ಕಾಕಾಗೆ ಹೇಳಿದಾಗ ಅವನ ಮೊದಲ ಮಾತು ಗಾಡಿ ಬಗ್ಗೆ ಇರಲಿಲ್ಲ: "ಪುಣೆಯಿಂದ ಬರುವಾಗ ಹಿಂದ ಹಚ್ಚು ಕೆಂಪು ರಿಫ್ಲೆಕ್ಟರ್ ಒಂದಿಷ್ಟು ತಗೊಂಡು ಬಾ. ನಮ್ಮ ಟ್ರೇಲರಿಗೂ ಇಲ್ಲ."