ನೂರು ಇಂಚಿನ ಚಿತ್ರಕ್ಕೆ ಎಷ್ಟು ಬೆಳಕು, ಎಷ್ಟು ದುಡ್ಡು?

100 ಇಂಚಿನ ಚಿತ್ರ ಎಂದರೆ 221 ಸೆಂ.ಮೀ. ಅಗಲ, 124.5 ಸೆಂ.ಮೀ. ಎತ್ತರ, 2.76 ಚದರ ಮೀಟರ್ ವಿಸ್ತೀರ್ಣ. 55 ಇಂಚಿನ ಟಿವಿಯ ವಿಸ್ತೀರ್ಣ 0.83 ಚದರ ಮೀಟರ್. ಇಂಚಿನಲ್ಲಿ ಎರಡು ಪಟ್ಟೂ ಇಲ್ಲದ ಅಂತರ ವಿಸ್ತೀರ್ಣಕ್ಕೆ ಬಂದಾಗ ಮೂರು ಪಟ್ಟು ದಾಟುತ್ತದೆ. ಅಲ್ಟ್ರಾ ಶಾರ್ಟ್ ಥ್ರೋ ಲೇಸರ್ ಪ್ರೊಜೆಕ್ಟರ್ ಮಾರುವವರು ನಮ್ಮ ಮುಂದಿಡುವುದು ಈ ಒಂದೇ ಲೆಕ್ಕವನ್ನು. ಅಷ್ಟು ದೊಡ್ಡ ಜಾಗದ ಮೇಲೆ ಹರಡಿದ ಬೆಳಕು ಕಣ್ಣಿಗೆ ಎಷ್ಟು ಉಳಿಯುತ್ತದೆ ಎಂಬ ಇನ್ನೊಂದು ಲೆಕ್ಕವನ್ನು ಕೊಳ್ಳುವವರೇ ಮಾಡಬೇಕು. ಎರಡೂವರೆ, ಮೂರು ಲಕ್ಷ ರೂಪಾಯಿ ಸುರಿಯುವ ಮೊದಲು ಅದನ್ನು ಮಾಡುವುದು ಒಳ್ಳೆಯದು.

ಗೋಡೆಗೂ ಲೆನ್ಸಿಗೂ ನಡುವಿನ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಸಿಗುವುದು ಥ್ರೋ ಅನುಪಾತ. ಸಾಮಾನ್ಯ ಪ್ರೊಜೆಕ್ಟರ್‌ನಲ್ಲಿ ಇದು 1.2ರ ಆಸುಪಾಸು. ಅಂದರೆ 100 ಇಂಚಿಗೆ 266 ಸೆಂ.ಮೀ. ಹಿಂದೆ ಸೀಲಿಂಗ್‌ಗೆ ನೇತುಹಾಕಿ, ಅಲ್ಲಿಯವರೆಗೆ ವೈರ್ ಎಳೆಯಬೇಕು. ಅಲ್ಟ್ರಾ ಶಾರ್ಟ್ ಥ್ರೋ ಯಂತ್ರಗಳಲ್ಲಿ ಹೈಸೆನ್ಸ್ ಪಿಎಕ್ಸ್1 ಪ್ರೊ ಅನುಪಾತ 0.25, ಫಾರ್ಮೂವಿ ಥಿಯೇಟರ್‌ನದು 0.23, ಸ್ಯಾಮ್ಸಂಗ್ ಎಲ್‌ಎಸ್‌ಪಿ9ಟಿಯದು 0.19, ಎಪ್ಸನ್ ಎಲ್‌ಎಸ್800ರದು 0.16. 0.25 ಇದ್ದರೆ ಗೋಡೆಯಿಂದ 55 ಸೆಂ.ಮೀ. ಸಾಕು, 0.16 ಇದ್ದರೆ 35. ಟಿವಿ ಇಡುವ ಜಾಗದಲ್ಲೇ ಕೂತು, ಮೇಲ್ಮುಖವಾಗಿ ಗೋಡೆಗೆ ಬೆಳಕು ಚೆಲ್ಲುವ ಯಂತ್ರ ಇದು. ಮಾಡಿನಲ್ಲಿ ತೂತು ಕೊರೆಯಲು ಮಾಲೀಕರು ಒಪ್ಪದ ಬಾಡಿಗೆ ಮನೆಗೆ ಇದು ನಿಜವಾದ ಅನುಕೂಲ.

ಬೆಲೆಯೂ ಹತ್ತು ವರ್ಷಗಳಲ್ಲಿ ಕೈಗೆಟಕುವಷ್ಟು ಇಳಿದಿದೆ. 2013ರಲ್ಲಿ ಎಲ್‌ಜಿ 100 ಇಂಚಿನ ಲೇಸರ್ ಟಿವಿ ತೋರಿಸಿತು. 2014ರಲ್ಲಿ ಸೋನಿ ಲಾಸ್ ವೇಗಸ್‌ನಲ್ಲಿ 147 ಇಂಚಿನ 4ಕೆ ಯಂತ್ರ ಪ್ರದರ್ಶಿಸಿದಾಗ ಬೆಲೆ 30,000 ಡಾಲರ್‌ಗೂ ಮೇಲಿತ್ತು. 2017ರಲ್ಲಿ ಶಿಯೋಮಿ ಚೀನಾದಲ್ಲಿ 9,999 ಯುವಾನ್‌ಗೆ ಒಂದನ್ನು ಬಿಟ್ಟಿತು. ಮಾರುಕಟ್ಟೆ ತೆರೆದದ್ದು ಅಲ್ಲಿಂದಲೇ. ಆ ಜಾಹೀರಾತಿನಲ್ಲಿದ್ದ 5,000 ಲೂಮೆನ್ ಒಳಗಿನ ಲೇಸರ್ ಮೂಲದ ಅಂಕಿ. ಲೆನ್ಸ್ ದಾಟಿ ಗೋಡೆಗೆ ಬರುತ್ತಿದ್ದುದು ಅದರ ಅರ್ಧಕ್ಕಿಂತ ಕಡಿಮೆ. ಡಬ್ಬಿಯ ಮೇಲಿನ ಲೂಮೆನ್ ಯಾವ ಜಾಗದಲ್ಲಿ ಅಳೆದದ್ದು ಎಂದು ಕೇಳಬೇಕಾದ ಅಗತ್ಯ ಇವತ್ತಿಗೂ ಹೋಗಿಲ್ಲ.

ಲೂಮೆನ್‌ನಿಂದ ಕಣ್ಣಿನವರೆಗೆ

ಲೂಮೆನ್ ಎಂದರೆ ಯಂತ್ರ ಹೊರಹಾಕುವ ಒಟ್ಟು ಬೆಳಕು. ನಾವು ನೋಡುವುದು ಅದು ಸ್ಕ್ರೀನ್ ಮೇಲೆ ಬಿದ್ದು ನಮ್ಮತ್ತ ತಿರುಗಿದ ಭಾಗವನ್ನು. ಅದರ ಅಳತೆ ನಿಟ್. ಲೂಮೆನ್ ಸಂಖ್ಯೆಯನ್ನು ಸ್ಕ್ರೀನಿನ ಗೇನ್‌ನಿಂದ (ಬಿದ್ದ ಬೆಳಕನ್ನು ಅದು ನಮ್ಮತ್ತ ತಿರುಗಿಸುವ ಪ್ರಮಾಣದಿಂದ) ಗುಣಿಸಿ, ವಿಸ್ತೀರ್ಣದಿಂದಲೂ 3.14ರಿಂದಲೂ ಭಾಗಿಸಿದರೆ ನಿಟ್ ಬರುತ್ತದೆ. 2,800 ಲೂಮೆನ್ ಎಂದು ಬರೆದ ಯಂತ್ರವನ್ನು ತೆಗೆದುಕೊಳ್ಳೋಣ. ಅಷ್ಟು ಬೆಳಕು ಸಿಗುವುದು ಅತಿ ಪ್ರಖರ ಮೋಡ್‌ನಲ್ಲಿ, ಸಾಮಾನ್ಯವಾಗಿ ಅಲ್ಲಿ ಮುಖಗಳಿಗೆ ಹಸಿರು ಛಾಯೆ ಇರುತ್ತದೆ. ಬಣ್ಣ ಸರಿಯಿರುವ ಸಿನಿಮಾ ಮೋಡ್‌ಗೆ ಬಂದರೆ 2,000 ಎಂದು ಹಿಡಿಯುವುದು ನ್ಯಾಯ.

2,000 ಲೂಮೆನ್, 100 ಇಂಚು, ಗೇನ್ 1 ಇರುವ ಬಿಳಿ ಗೋಡೆ: 231 ನಿಟ್. ಚಿತ್ರಮಂದಿರಗಳಲ್ಲಿ ಡಿಜಿಟಲ್ ಸಿನಿಮಾಕ್ಕೆ ನಿಗದಿಯಾಗಿರುವ ಮಟ್ಟ 48 ನಿಟ್. ಅಂದರೆ ಕತ್ತಲ ಕೋಣೆಯಲ್ಲಿ ಈ ಯಂತ್ರ ಥಿಯೇಟರಿನ ನಾಲ್ಕು ಪಟ್ಟಿಗೂ ಹೆಚ್ಚು ಬೆಳಕು ಕೊಡುತ್ತದೆ. ಬೆಳಕಿನ ಕೊರತೆ ಎಂಬ ಮಾತೇ ಅಲ್ಲಿ ಬರುವುದಿಲ್ಲ.

ತೊಂದರೆ ಶುರುವಾಗುವುದು ಹಾಲ್‌ನ ಟ್ಯೂಬ್‌ಲೈಟ್ ಹಾಕಿದಾಗ. ಗೋಡೆಯ ಮೇಲೆ 100 ಲಕ್ಸ್ (ಚದರ ಮೀಟರ್‌ಗೆ 100 ಲೂಮೆನ್) ಬೆಳಕು ಬಿದ್ದರೆ, ಪ್ರೊಜೆಕ್ಟರ್ ಆಫ್ ಆಗಿದ್ದರೂ ಬಿಳಿ ಗೋಡೆ ಸುಮಾರು 32 ನಿಟ್‌ನಷ್ಟು ಹೊಳೆಯುತ್ತಿರುತ್ತದೆ. ಚಿತ್ರದ ಅತಿ ಕಪ್ಪು ಭಾಗವೂ ಅದಕ್ಕಿಂತ ಕಪ್ಪಾಗಲಾರದು. ಬಿಳಿಗೂ ಕಪ್ಪಿಗೂ ಇರುವ ಅನುಪಾತ ಆಗ ಬರೀ 8:1. ಕ್ಯಾಟಲಾಗ್‌ನಲ್ಲಿ 1,500:1 ಎಂದಿರಲಿ, 3,000:1 ಎಂದಿರಲಿ, ಆ ಹೊತ್ತಿನಲ್ಲಿ ಗೋಡೆಯ ಮೇಲೆ ಸಿಗುವುದು ಎಂಟೇ. ಕರ್ಟನ್ ಸರಿಸಿದ ಹಗಲಿನಲ್ಲಿ ಗೋಡೆಗೆ 300 ಲಕ್ಸ್ ಬಿದ್ದರೆ 3.4:1, ‘ಕಾಂತಾರ’ದ ಪಂಜಿನ ಬೆಳಕಿನ ರಾತ್ರಿಯ ದೃಶ್ಯಗಳು ಅಲ್ಲಿ ಬೂದುಬಣ್ಣದ ಮಸುಕಾಗಿ ಹೋಗುತ್ತವೆ. ಪ್ರೊಜೆಕ್ಟರ್‌ಗೆ ಕಪ್ಪು ಚೆಲ್ಲಲು ಬರುವುದಿಲ್ಲ, ಬೆಳಕು ಚೆಲ್ಲಲು ಮಾತ್ರ ಬರುತ್ತದೆ. ಕಪ್ಪನ್ನು ಕೋಣೆಯೇ ಕೊಡಬೇಕು.

ಇದಕ್ಕೆಂದೇ ಮೇಲಿನ ಬೆಳಕನ್ನು ತಡೆಯುವ ಸ್ಕ್ರೀನ್ ಇದೆ. ಹತ್ತಿರದಿಂದ ನೋಡಿದರೆ ಅದರ ಮೈಮೇಲೆ ಗರಗಸದ ಹಲ್ಲಿನಂಥ ಸಣ್ಣ ಗೆರೆಗಳು ಅಡ್ಡಕ್ಕೆ ಸಾಲಾಗಿವೆ. ಹಲ್ಲಿನ ಕೆಳಮುಖ, ಯಂತ್ರದಿಂದ ಮೇಲೆ ಬರುವ ಬೆಳಕನ್ನು ಸೋಫಾದತ್ತ ತಿರುಗಿಸುತ್ತದೆ. ಮೇಲ್ಮುಖದ ಕಪ್ಪು ಲೇಪನ ಸೀಲಿಂಗ್ ಲೈಟನ್ನು ನುಂಗುತ್ತದೆ. ಗೇನ್ 0.6 ಎಂದೂ ಮೇಲಿನ ಬೆಳಕಿನ ಶೇ 85ರಷ್ಟನ್ನು ತಡೆಯುತ್ತದೆ ಎಂದೂ ಇಟ್ಟುಕೊಂಡರೆ, ಚಿತ್ರ 231 ನಿಟ್‌ನಿಂದ 139ಕ್ಕೆ ಇಳಿಯುತ್ತದೆ. ಆದರೆ ಟ್ಯೂಬ್‌ಲೈಟ್‌ನ 32 ನಿಟ್ ಸುಮಾರು 5ಕ್ಕೆ ಕುಸಿಯುತ್ತದೆ. ಅನುಪಾತ 8ರಿಂದ 30ಕ್ಕೆ ಏರುತ್ತದೆ. ಶೇ 40ರಷ್ಟು ಬೆಳಕು ಬಿಟ್ಟುಕೊಟ್ಟು ಸುಮಾರು ನಾಲ್ಕು ಪಟ್ಟು ಸ್ಪಷ್ಟತೆ ಪಡೆದಂತಾಯಿತು. ಇಡೀ ವಿಷಯದಲ್ಲಿ ಇಷ್ಟು ಲಾಭದ ವ್ಯವಹಾರ ಇನ್ನೊಂದಿಲ್ಲ. ಪ್ರೊಜೆಕ್ಟರ್ ಮೊದಲು ತಂದು, ಸ್ಕ್ರೀನ್ ಆಮೇಲೆ ನೋಡೋಣ ಎನ್ನುವವರ ದುಡ್ಡಿನ ಬಗ್ಗೆ ನನಗೆ ನಿಜಕ್ಕೂ ಮರುಕವಾಗುತ್ತದೆ.

ಆದರೆ ಈ ಹಲ್ಲುಗಳು ತಡೆಯುವುದು ಮೇಲಿನಿಂದ ಬೀಳುವ ಬೆಳಕನ್ನು. ಪಕ್ಕದ ಕಿಟಕಿಯಿಂದಲೋ ಎದುರಿನ ಬಾಲ್ಕನಿಯಿಂದಲೋ ಬರುವ ಹಗಲಿಗೆ ಅವು ಹೆಚ್ಚೇನೂ ಮಾಡಲಾರವು. ಅದಕ್ಕೆ ದಪ್ಪ ಬ್ಲ್ಯಾಕ್‌ಔಟ್ ಕರ್ಟನ್ನೇ ಬೇಕು. ಸಾಮಾನ್ಯ ಪ್ರೊಜೆಕ್ಟರ್‌ಗೆಂದು ಮಾಡಿದ ಹಳೆಯ ಎಎಲ್‌ಆರ್ (ಕೋಣೆಯ ಬೆಳಕು ತಡೆಯುವ) ಸ್ಕ್ರೀನ್ ಮನೆಯಲ್ಲಿದ್ದರೆ ಅದನ್ನು ಇಲ್ಲಿ ಬಳಸಬೇಡಿ. ಕಡಿದಾದ ಕೋನದಲ್ಲಿ ಬರುವುದನ್ನೆಲ್ಲ ತಳ್ಳಿಹಾಕುವುದೇ ಅದರ ಕೆಲಸವಾದ್ದರಿಂದ, ಕೆಳಗಿನಿಂದ ಬರುವ ನಿಮ್ಮ ಚಿತ್ರವನ್ನೂ ಅದು ತಳ್ಳಿಹಾಕುತ್ತದೆ.

ಎರಡು ಮಿಲಿಮೀಟರ್‌ನ ಉಬ್ಬು

ಗೋಡೆಗೇ ಹೊಡೆದರಾಯಿತು, ಸ್ಕ್ರೀನ್ ಯಾಕೆ ಎನ್ನುವವರಿಗೆ ಇನ್ನೊಂದು ಲೆಕ್ಕವಿದೆ. ಲೆನ್ಸ್ ಗೋಡೆಯಿಂದ 55 ಸೆಂ.ಮೀ. ದೂರದಲ್ಲಿದೆ, ಚಿತ್ರದ ಮೇಲಂಚು ಲೆನ್ಸಿಗಿಂತ ಸುಮಾರು 160 ಸೆಂ.ಮೀ. ಎತ್ತರದಲ್ಲಿದೆ. ಮೇಲಂಚಿನಲ್ಲಿ ಪ್ಲಾಸ್ಟರಿಂಗ್ 2 ಮಿ.ಮೀ. ಉಬ್ಬಿದ್ದರೆ, ಅಲ್ಲಿ ಬೀಳಬೇಕಾದ ಗೆರೆ ಸುಮಾರು 6 ಮಿ.ಮೀ. ಸರಿಯುತ್ತದೆ. 100 ಇಂಚಿನ 4ಕೆ ಚಿತ್ರದಲ್ಲಿ ಒಂದು ಪಿಕ್ಸೆಲ್‌ನ ಅಗಲ 0.58 ಮಿ.ಮೀ. ಅಂದರೆ ಹತ್ತು ಪಿಕ್ಸೆಲ್‌ನಷ್ಟು ಸೊಟ್ಟ. ಮೂರು ಮೀಟರ್ ದೂರದಿಂದ ಬರುವ ಸಾಮಾನ್ಯ ಪ್ರೊಜೆಕ್ಟರ್‌ಗೆ ಇದೇ ಉಬ್ಬು ಒಂದು ಪಿಕ್ಸೆಲ್‌ನ ವ್ಯತ್ಯಾಸವನ್ನೂ ಮಾಡುವುದಿಲ್ಲ. ನಮ್ಮ ಗಾರೆ ಕೆಲಸದಲ್ಲಿ, ಎರಡು ಕೋಟ್ ಪುಟ್ಟಿ ಹಾಕಿದ ಮೇಲೂ, ಎರಡೂವರೆ ಚದರ ಮೀಟರ್‌ನಲ್ಲಿ 2 ಮಿ.ಮೀ. ಏರಿಳಿತವಿಲ್ಲದ ಗೋಡೆ ಅಪರೂಪ. ಆದ್ದರಿಂದ ಚೌಕಟ್ಟಿಗೆ ಬಿಗಿದ ಫಿಕ್ಸೆಡ್ ಸ್ಕ್ರೀನೇ ಸರಿ. ಮೇಲಿನಿಂದ ಇಳಿಬಿಡುವ ಸಾದಾ ರೋಲರ್ ಸ್ಕ್ರೀನ್ ಫ್ಯಾನ್ ಗಾಳಿಗೆ ಅಲುಗಿದರೂ ಸಾಕು, ಚಿತ್ರ ಅಲೆಯಂತೆ ತೇಲುತ್ತದೆ.

ಇದೇ ಸೂಕ್ಷ್ಮತೆ ಯಂತ್ರದ ಜಾಗಕ್ಕೂ ಅನ್ವಯಿಸುತ್ತದೆ. 0.25 ಅನುಪಾತದಲ್ಲಿ ಯಂತ್ರ 1 ಮಿ.ಮೀ. ಹಿಂದೆ ಸರಿದರೆ ಚಿತ್ರ 4 ಮಿ.ಮೀ. ಅಗಲವಾಗುತ್ತದೆ, 0.16ರಲ್ಲಿ 6 ಮಿ.ಮೀ.ಗೂ ಹೆಚ್ಚು. ಗುಡಿಸುವಾಗ ಟಿವಿ ಯೂನಿಟ್ ಸ್ವಲ್ಪ ಸರಿದರೂ ಚಿತ್ರ ಚೌಕಟ್ಟಿನಾಚೆ ಚೆಲ್ಲುತ್ತದೆ. ಅದನ್ನು ರಿಮೋಟ್‌ನಿಂದ, ಚಿತ್ರದ ಆಕಾರ ತಿದ್ದುವ ಕೀಸ್ಟೋನ್ ಸೌಲಭ್ಯದಲ್ಲಿ ಸರಿಪಡಿಸಿದರೆ ಪಿಕ್ಸೆಲ್‌ಗಳು ವ್ಯರ್ಥವಾಗುತ್ತವೆ. ಯೂನಿಟ್ಟನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿಬಿಡುವುದು ಮೇಲು. ಯೂನಿಟ್‌ನ ಆಳವನ್ನೂ ನೋಡಿಕೊಳ್ಳಿ: ಯಂತ್ರದ ಒಡಲು ಸುಮಾರು 35 ಸೆಂ.ಮೀ., ಅದರ ಹಿಂದೆ ಬಿಡಬೇಕಾದ ಗ್ಯಾಪ್ 25ರಿಂದ 30. ಬಡಗಿಗಳು ಸಾಮಾನ್ಯವಾಗಿ ಮಾಡಿಕೊಡುವ ಟಿವಿ ಯೂನಿಟ್‌ನ ಆಳ 40-45 ಸೆಂ.ಮೀ. ಮಾತ್ರ.

ಎತ್ತರದ ಲೆಕ್ಕ ಚಿಕ್ಕದು. ಯೂನಿಟ್ 45, ಯಂತ್ರ 14, ಅದರ ಮೇಲೆ ಚಿತ್ರ ಶುರುವಾಗುವವರೆಗೆ ಸುಮಾರು 30: ಚಿತ್ರದ ತಳ 89 ಸೆಂ.ಮೀ., ತುದಿ 213. ಸೋಫಾದಲ್ಲಿ ಕೂತವರ ಕಣ್ಣು 105ರಲ್ಲಿದ್ದರೆ ಚಿತ್ರದ ನಡುಭಾಗ ಅದಕ್ಕಿಂತ ಒಂದೂವರೆ ಅಡಿ ಮೇಲಿರುತ್ತದೆ. ಯೂನಿಟ್ಟನ್ನು 25-30 ಸೆಂ.ಮೀ.ಗೆ ತಗ್ಗಿಸಿದರೆ ಕುತ್ತಿಗೆಗೆ ಆರಾಮ. ಇನ್ನು ದೂರ: 221 ಸೆಂ.ಮೀ. ಅಗಲ ಕಣ್ಣಿಗೆ 40 ಡಿಗ್ರಿ ತುಂಬಬೇಕಾದರೆ 3 ಮೀಟರ್, 30 ಡಿಗ್ರಿಗಾದರೆ 4.1 ಮೀಟರ್ ದೂರ ಕೂರಬೇಕು. 12 ಅಡಿ ಹಾಲ್‌ಗೆ 100 ಇಂಚು ಸರಿಹೊಂದುತ್ತದೆ. 120 ಇಂಚಿಗೆ 40 ಡಿಗ್ರಿಯಲ್ಲೇ 3.65 ಮೀಟರ್ ಬೇಕು, ಅಂದರೆ ಸೋಫಾ ಹಿಂದಿನ ಗೋಡೆಗೆ ಅಂಟಬೇಕು.

ದುಡ್ಡಿನ ಲೆಕ್ಕ

2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರ್‌ಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು, 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲೂ ಹಾಗೆಯೇ. ತೆರಿಗೆ ಬಿಟ್ಟು 2 ಲಕ್ಷ ರೂಪಾಯಿ ಇರುವ ಯಂತ್ರ ₹2,56,000ದಿಂದ ₹2,36,000ಕ್ಕೆ ಬಂದಿರಬೇಕು. ಆ 20 ಸಾವಿರದಲ್ಲಿ ಕಿಟಕಿಗಳಿಗೆಲ್ಲ ಒಳ್ಳೆಯ ಕರ್ಟನ್ ಬರುತ್ತದೆ.

ಈಗ ಹೋಲಿಕೆ. ಕೆಳಗಿನ ಬೆಲೆಗಳು ಲೆಕ್ಕಕ್ಕೆ ಹಿಡಿದವು. ನಿಮಗೆ ಸಿಕ್ಕ ಕೊಟೇಶನ್ ಹಾಕಿಕೊಂಡು ಮತ್ತೆ ಭಾಗಿಸಿ. ಪ್ರೊಜೆಕ್ಟರ್ ₹2,50,000, ಸ್ಕ್ರೀನ್ ₹60,000, ಕರ್ಟನ್ ₹15,000, ಯೂನಿಟ್ ಮತ್ತು ವೈರಿಂಗ್ ₹10,000: ಒಟ್ಟು ₹3,35,000. 2.76 ಚದರ ಮೀಟರ್‌ಗೆ ಹಂಚಿದರೆ ಚದರ ಮೀಟರ್‌ಗೆ ಸುಮಾರು ₹1,21,000. 98 ಇಂಚಿನ ಎಲ್‌ಇಡಿ ಟಿವಿ ₹2,50,000, ಹೊತ್ತು ತಂದು ಗೋಡೆಗೆ ಕೂರಿಸುವುದಕ್ಕೆ ₹15,000: ಚದರ ಮೀಟರ್‌ಗೆ ₹1,00,000. ದೊಡ್ಡ ಚಿತ್ರ ಅಗ್ಗಕ್ಕೆ ಬೇಕಾದರೆ ಪ್ರೊಜೆಕ್ಟರ್ ಎಂಬ ಹಳೆಯ ಮಾತು 100 ಇಂಚಿನಲ್ಲಿ ಇಂದು ನಿಲ್ಲುವುದಿಲ್ಲ. 120 ಇಂಚಿಗೆ ಹೋಗಿ, ಸ್ಕ್ರೀನ್‌ಗೆ ₹80,000 ಕೊಟ್ಟರೆ ಚದರ ಮೀಟರ್ ದರ ₹89,000ಕ್ಕೆ ಇಳಿಯುತ್ತದೆ. ಆದರೆ ಅದೇ ಬೆಳಕು ಶೇ 44ರಷ್ಟು ಹೆಚ್ಚು ಜಾಗಕ್ಕೆ ಹರಡಿ 139 ನಿಟ್ 96ಕ್ಕೆ ಬೀಳುತ್ತದೆ. ರಾತ್ರಿಗೆ ಸಾಕು, ಟ್ಯೂಬ್‌ಲೈಟ್‌ಗೆ ಸಾಲದು.

ಹಾಗಾದರೆ 98 ಇಂಚಿನ ಟಿವಿಯೇ ಸರಿಯೇ? ಹಗಲಿನಲ್ಲಿ ಕ್ರಿಕೆಟ್ ನೋಡುವ ಮನೆಗೆ ಸರಿ. ಅಂಥ ಮನೆಗೆ 85 ಇಂಚಿನದೂ ಪ್ರೊಜೆಕ್ಟರ್‌ಗಿಂತ ಮೇಲು. ಆದರೆ ಆ 98 ಇಂಚಿನ ಗಾಜು ಸುಮಾರು 219 ಸೆಂ.ಮೀ. ಉದ್ದ, 125 ಸೆಂ.ಮೀ. ಎತ್ತರ, 50 ಕೆ.ಜಿ.ಗೂ ಹೆಚ್ಚು ತೂಕ. ಆರೆಂಟು ಜನ ಹಿಡಿಯುವ ಅಪಾರ್ಟ್‌ಮೆಂಟ್ ಲಿಫ್ಟಿನ ಬಾಗಿಲ ಅಗಲ ಸಾಮಾನ್ಯವಾಗಿ 80 ಸೆಂ.ಮೀ. ಬೆಂಗಳೂರಿನ ಒಂಬತ್ತನೇ ಮಹಡಿಯ ಮನೆಗೆ ಅದನ್ನು ಮೆಟ್ಟಿಲಲ್ಲೇ ಹೊರಬೇಕು, ತಿರುವುಗಳಲ್ಲಿ ಅದು ತಿರುಗಬೇಕು, ಮನೆ ಬದಲಿಸುವಾಗ ಇದೆಲ್ಲ ಮತ್ತೊಮ್ಮೆ. ಪ್ರೊಜೆಕ್ಟರ್ ಹತ್ತು ಕೆ.ಜಿ.ಯ ಆಸುಪಾಸು. ಅದರ ಸ್ಕ್ರೀನ್ ಸುರುಳಿಯಾಗಿ, ಚೌಕಟ್ಟು ತುಂಡುಗಳಾಗಿ ಬರುತ್ತದೆ. ಕೊಳ್ಳುವ ತೀರ್ಮಾನವನ್ನು ಎಷ್ಟೋ ಸಲ ಲಿಫ್ಟೇ ಮಾಡಿಬಿಡುತ್ತದೆ.

ಅಂಗಡಿಯಲ್ಲಿ ಡೆಮೊ ನೋಡುವಾಗ ಲಕ್ಸ್ ಮೀಟರ್ ಒಯ್ಯಿರಿ. ಕೋಣೆ ಕತ್ತಲು ಮಾಡಿಸಿ, ಸಿನಿಮಾ ಮೋಡ್‌ನಲ್ಲಿ ಪೂರ್ತಿ ಬಿಳಿ ಚಿತ್ರ ಹಾಕಿಸಿ. ಸ್ಕ್ರೀನನ್ನು ಮೂರು ಸಾಲು, ಮೂರು ಕಂಬಗಳಾಗಿ ಭಾಗಿಸಿ, ಒಂಬತ್ತೂ ಮನೆಗಳ ನಡುವೆ ಮೀಟರನ್ನು ಲೆನ್ಸಿನ ಕಡೆಗೆ ವಾಲಿಸದೆ, ಸ್ಕ್ರೀನಿಗೆ ಬೆನ್ನು ಅಂಟಿಸಿ ಓದಿ. ಸರಾಸರಿಯನ್ನು ವಿಸ್ತೀರ್ಣದಿಂದ ಗುಣಿಸಿ. 100 ಇಂಚಿನಲ್ಲಿ ಸರಾಸರಿ 725 ಲಕ್ಸ್ ಬಂದರೆ 2,000 ಲೂಮೆನ್ ಸಿಕ್ಕಿದೆ ಎಂದರ್ಥ. ಆನ್ಸಿ ಲೂಮೆನ್ ಎಂಬ ಅಳತೆಯ ತಿರುಳೂ ಈ ಒಂಬತ್ತು ಬಿಂದುಗಳೇ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇನ್ನೊಂದು ಪರೀಕ್ಷೆಯನ್ನೂ ಮಾಡಿ: ಕೈಯನ್ನು ಲೆನ್ಸಿನ ಮೇಲಕ್ಕೆ ತಂದಾಗ ಸೆನ್ಸರ್ ಬೆಳಕನ್ನು ತಕ್ಷಣ ತಗ್ಗಿಸಬೇಕು. ಮೇಲ್ಮುಖದ ಲೇಸರ್ ಕಿಂಡಿ ಮಗುವಿನ ಕಣ್ಣಿನ ಎತ್ತರದಲ್ಲೇ ಇರುತ್ತದೆ.

ಇನ್ನು ನಡೆಸುವ ಖರ್ಚು. ಲೇಸರ್ ಬಾಳಿಕೆ 20,000 ಗಂಟೆ ಎನ್ನುತ್ತಾರೆ; ಅಷ್ಟು ಹೊತ್ತಿಗೆ ಬೆಳಕು ಅರ್ಧಕ್ಕೆ ಇಳಿದಿರುತ್ತದೆ ಎಂಬುದು ಅದರ ಅರ್ಥ. ದಿನಕ್ಕೆ 4 ಗಂಟೆಯಂತೆ ಹತ್ತು ವರ್ಷಕ್ಕೆ 14,600 ಗಂಟೆ. ಇಳಿಕೆ ಒಂದೇ ಸಮನಾಗಿದ್ದರೆ ಆಗಲೂ 139 ನಿಟ್‌ನಲ್ಲಿ 88 ಉಳಿದಿರುತ್ತದೆ. 250 ವಾಟ್‌ನ ಯಂತ್ರ ತಿಂಗಳಿಗೆ 30 ಯೂನಿಟ್ ಎಳೆಯುತ್ತದೆ. ಯೂನಿಟ್‌ಗೆ ₹7 ಎಂದರೆ ₹210, ಹೇಳಿಕೊಳ್ಳುವಂಥದ್ದಲ್ಲ. 200 ಯೂನಿಟ್‌ವರೆಗೆ ಉಚಿತ ವಿದ್ಯುತ್ ಕೊಡುವ ಕರ್ನಾಟಕದ ಗೃಹಜ್ಯೋತಿ ಪಡೆಯುವ ಮನೆಯಲ್ಲಿ ಮಾತ್ರ ಲೆಕ್ಕ ಬೇರೆ. ಈಗ 190 ಯೂನಿಟ್ ಬಳಸಿಯೂ ಬಿಲ್ ಕಟ್ಟದ ಮನೆಯಲ್ಲಿ 100 ವಾಟ್‌ನ ಹಳೆಯ ಟಿವಿ ಹೋಗಿ ಇದು ಬಂದರೆ ಬಳಕೆ 208ಕ್ಕೆ ಏರುತ್ತದೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ, ಆ 18 ಯೂನಿಟ್‌ನ ಬೆಲೆ ₹1,450ರ ಸುಮಾರಿಗೆ ಹೋಗುತ್ತದೆ.

ಯಂತ್ರ, ಸ್ಕ್ರೀನ್, ಕರ್ಟನ್, ಕರೆಂಟು ಎಲ್ಲ ಸೇರಿಸಿ ದಿನಕ್ಕೆ 4 ಗಂಟೆ ನೋಡುವ ಮನೆಗೆ ಹತ್ತು ವರ್ಷದಲ್ಲಿ ಗಂಟೆಗೆ ₹25 ಬೀಳುತ್ತದೆ. ವಾರಕ್ಕೆ ಎರಡು ಸಿನಿಮಾ, ಅಂದರೆ ಐದು ಗಂಟೆ ಮಾತ್ರ ನೋಡುವ ಮನೆಗೆ ಗಂಟೆಗೆ ₹130. ಎರಡನೆಯ ಮನೆಯವರು ಈಗಿರುವ ಟಿವಿಯನ್ನೇ ಇಟ್ಟುಕೊಂಡು, ಕೋಣೆಗೆ ಕರ್ಟನ್ ಹಾಕಿಸಿ, ಒಂದು ಒಳ್ಳೆಯ ಸ್ಪೀಕರ್ ತಂದರೆ ಅದೇ ಹೆಚ್ಚು ಸಿನಿಮಾ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ.