ಪಡಸಾಲೆಯ ಪುಟ್ಟ ಕಡಲು

ಸಾತನೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಪುಟ್ಟ ಕಡಲಿದೆ. ಗಾಜಿನ ತೊಟ್ಟಿ, ಉಪ್ಪುನೀರು, ಎರಡು ಮೀನು, ನಾಲ್ಕು ಹವಳ. ಹವಳವೆಂದರೆ ಕಲ್ಲಲ್ಲ ಮಕ್ಕಳೇ, ಜೀವವಿರುವ ಪ್ರಾಣಿ.

ಬೇಸಿಗೆಯಲ್ಲಿ ಹವಳಗಳು ಮುದುಡಿಕೊಂಡವು. ಗಾಜಿಗೆಲ್ಲ ಪಾಚಿ. ಪರೀಕ್ಷೆಯ ಹನಿ ಹಾಕಿದರೆ ನೀರು ಕಡುಗೆಂಪಾಯಿತು: ನೈಟ್ರೇಟ್ ಲೀಟರಿಗೆ 80 ಮಿಲಿಗ್ರಾಂ! ಹವಳ ಬೆಳೆಯುವ ಕಡಲಿನಲ್ಲಿ ಸಾಮಾನ್ಯವಾಗಿ 1 ಮಿಲಿಗ್ರಾಂ ಕೂಡ ಇರುವುದಿಲ್ಲ.

ಮೀನಿನ ಹಿಕ್ಕೆ, ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಪಾಪ, ಹಸಿದಿರುತ್ತವೆ ಎಂದು ದಿನಕ್ಕೆ ಮೂರು ಸಲ ಆಹಾರ ಹಾಕುತ್ತಿದ್ದವನು ನಾನೇ. ಒಂದು ಸಲಕ್ಕೆ ಇಳಿಸಿದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿದೆವು. ಆದರೂ 50ರ ಕೆಳಗೆ ಇಳಿಯಲೊಲ್ಲದು.

“ತಾತ, ಬೋರ್‌ವೆಲ್ ನೀರನ್ನೇ ನೋಡೋಣವಾ?” ಎಂದಳು ಮೊಮ್ಮಗಳು. ಅದೂ ಕೆಂಪು! ಹೊಲದ ಯೂರಿಯಾ, ತಿಪ್ಪೆ, ಶೌಚದ ಗುಂಡಿಗಳಿಂದ ನೈಟ್ರೇಟ್ ನೀರಿನೊಡನೆ ಇಂಗಿ ಅಂತರ್ಜಲ ಸೇರುತ್ತದೆ. ಕುಡಿಯುವ ನೀರಿಗೆ ಮಿತಿ 45 ಮಿಲಿಗ್ರಾಂ. ಪ್ರಯೋಗಾಲಯದ ವರದಿಯಲ್ಲಿ ನಮ್ಮದು 48.

ಆಗ ಎದೆ ಧಸಕ್ಕೆಂದಿತು. ಮನೆಯಲ್ಲಿ ನಾಲ್ಕು ತಿಂಗಳ ಕೂಸಿದೆ, ಪುಡಿಹಾಲು ಕುಡಿಯುತ್ತದೆ. ನೈಟ್ರೇಟ್ ಹೆಚ್ಚಾದರೆ ಎಳೆಗೂಸಿನ ರಕ್ತ ಆಮ್ಲಜನಕ ಸಾಗಿಸಲಾರದೆ ಮೈ ನೀಲಿಗಟ್ಟಬಹುದು. ಕುದಿಸಿದರೆ ಅದು ಹೋಗುವುದಿಲ್ಲ; ನೀರು ಆವಿಯಾಗಿ ಇನ್ನೂ ಹೆಚ್ಚುತ್ತದೆ. ಅವತ್ತಿನಿಂದಲೇ ಕೂಸಿಗೂ ನಮಗೂ ಶುದ್ಧ ನೀರಿನ ಘಟಕದ ಕ್ಯಾನ್. ಅದನ್ನೂ ಪರೀಕ್ಷಿಸಿದೆವು, 5ಕ್ಕಿಂತ ಕಡಿಮೆ.

ತೊಟ್ಟಿಗೂ ಈಗ ಅದೇ ನೀರು, ಹವಳಕ್ಕೆಂದೇ ಸಿಗುವ ಉಪ್ಪು ಬೆರೆಸಿ. ನೈಟ್ರೇಟ್ 10ಕ್ಕೆ ಬಂದಿದೆ, ಮೂರು ಹವಳ ಅರಳಿವೆ. ಒಂದು ಉಳಿಯಲಿಲ್ಲ. ಮೊನ್ನೆ ತೆಗೆದ ನೀರನ್ನು ಹಿಪ್ಪುನೇರಳೆಗೆ ಹಾಕಲು ಹೊರಟಿದ್ದೆ. “ಉಪ್ಪು, ತಾತ!” ಎಂದು ಮೊಮ್ಮಗಳು ಬಕೆಟ್ಟು ಕಿತ್ತುಕೊಂಡಳು.